ಕನ್ನಡಿಯಲ್ಲಿ ನಿನ್ನೆ ಕಾಣಲ್ಲ

ಆಫೀಸಿನಲ್ಲಿ ಹೊಸ ವರ್ಕ್‌ಸ್ಟೇಷನ್ ಕೈಗೆ ಬಂದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಎರಡು ಡಿಸ್ಕ್ ಹಾಕ್ಸಿ ಮಿರರ್ ಮಾಡ್ಸಿಬಿಟ್ರೆ ಆಯ್ತಲ್ವಾ, ಬ್ಯಾಕಪ್ ಯಾಕೆ ಬೇಕು?" ಕೇಳುವವರು ದಡ್ಡರಲ್ಲ. ಡೇಟಾಬೇಸ್ ಬಗ್ಗೆ ನನಗೇ ಪಾಠ ಹೇಳಬಲ್ಲವರೂ ಇದನ್ನು ಕೇಳಿದ್ದಾರೆ. ಈ ಗೊಂದಲ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕುತ್ತಾ ಹೋದರೆ ಸುಮಾರು ಐವತ್ತು ವರ್ಷದ ಕಥೆ ಸಿಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಜೇಮ್ಸ್ ಟ್ರೈಬಿಗ್ ಅನ್ನುವವರು ಟ್ಯಾಂಡೆಮ್ ಎಂಬ ಕಂಪನಿ ಕಟ್ಟಿದರು. ಅವರು ಮಾರಲು ಹೊರಟದ್ದು ನಿಲ್ಲದ ಕಂಪ್ಯೂಟರ್. ಹೆಸರೇ 'ನಾನ್‌ಸ್ಟಾಪ್'. ಮೊದಲ ಯಂತ್ರ 1976ರಲ್ಲಿ ಸಿಟಿಬ್ಯಾಂಕಿಗೆ ಹೋಯಿತು. ಬ್ಯಾಂಕಿನವರಿಗೆ ಯಂತ್ರ ಹತ್ತು ನಿಮಿಷ ನಿಂತರೂ ಕೌಂಟರಿನ ಮುಂದೆ ಗಲಾಟೆ. ಹಾಗಾಗಿ ಅದರೊಳಗೆ ಮುಖ್ಯವಾದದ್ದೆಲ್ಲ ಎರಡೆರಡು: ಪ್ರೊಸೆಸರ್, ಪವರ್ ಸಪ್ಲೈ, ಡಿಸ್ಕಿಗೆ ಹೋಗುವ ದಾರಿ. ಬೇಕಾದರೆ ಡಿಸ್ಕನ್ನೂ ಜೋಡಿಯಾಗಿ ಇಡಬಹುದಿತ್ತು. ಬರೆಯುವ ಪ್ರತಿ ಅಕ್ಷರ ಎರಡೂ ಡಿಸ್ಕಿಗೆ ಬೀಳುತ್ತೆ. ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತೆ, ಇಂಜಿನಿಯರ್ ಬಂದು ಸತ್ತದ್ದನ್ನು ತೆಗೆದು ಹೊಸದು ಹಾಕಿದರೆ ಅದು ಉಳಿದದ್ದನ್ನು ನೋಡಿ ತನ್ನನ್ನು ತುಂಬಿಕೊಳ್ಳುತ್ತೆ. ಇದೇ ಮಿರರಿಂಗ್. ಇವತ್ತಿಗೂ ಇದರ ತಿರುಳು ಬದಲಾಗಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ಬಲವಾದ ಉಪಾಯ ಅಂತ ಗೊತ್ತಾಗುತ್ತೆ. ಆ ಕಾಲದ ಒಂದು ಒಳ್ಳೆ ಡಿಸ್ಕ್ ಸರಾಸರಿ 10,000 ಗಂಟೆಗೊಮ್ಮೆ, ಅಂದರೆ ವರ್ಷಕ್ಕೊಮ್ಮೆ ಅನ್ನಿ, ಕೆಡುತ್ತಿತ್ತು. ಜೋಡಿಯಾಗಿಟ್ಟು, ಕೆಟ್ಟದ್ದನ್ನು 24 ಗಂಟೆಯೊಳಗೆ ಬದಲಿಸಿದರೆ, ಎರಡೂ ಒಟ್ಟಿಗೆ ಕೆಡುವುದು ಸರಾಸರಿ ಇನ್ನೂರು ಚಿಲ್ಲರೆ ವರ್ಷಕ್ಕೊಮ್ಮೆ. ಎರಡು ಡಿಸ್ಕೂ ಒಂದಕ್ಕೊಂದು ಸಂಬಂಧವಿಲ್ಲದ ಕಾರಣಕ್ಕೆ ಕೆಡುತ್ತವೆ ಅಂತ ಇಟ್ಟುಕೊಂಡ ಲೆಕ್ಕ ಇದು. ಗಂಟು ಇರೋದು ಆ ಷರತ್ತಿನಲ್ಲೇ.

ಅದನ್ನು ಬಿಚ್ಚಿ ತೋರಿಸಿದವರು ಟ್ಯಾಂಡೆಮ್‌ನಲ್ಲೇ ಕೆಲಸ ಮಾಡುತ್ತಿದ್ದ ಜಿಮ್ ಗ್ರೇ. ಮುಂದೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 1985ರಲ್ಲಿ ಅವರು ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಅಂತ ಕೇಳಿಕೊಂಡು ಒಂದು ವರದಿ ಬರೆದರು. ಗಿರಾಕಿಗಳ ಕಡೆಯಿಂದ ಬಂದ ದೂರುಗಳನ್ನು ಕೂತು ವಿಂಗಡಿಸಿದರು. ಹಾರ್ಡ್‌ವೇರ್ ಕೆಟ್ಟು ನಿಂತದ್ದು ಶೇಕಡಾ 18 ಮಾತ್ರ. ಸಾಫ್ಟ್‌ವೇರ್ 25. ಕರೆಂಟು ಮತ್ತಿತರ ಪರಿಸರದ ಕಾಟ 14. ಎಲ್ಲಕ್ಕಿಂತ ದೊಡ್ಡ ಪಾಲು, ಶೇಕಡಾ 42, ಯಂತ್ರವನ್ನು ನೋಡಿಕೊಳ್ಳುವವರ ಕೈಯಿಂದ ಆದದ್ದು: ನಿರ್ವಹಣೆ, ಕಾನ್ಫಿಗರೇಷನ್, ತಪ್ಪು ಕಮಾಂಡ್. ಅವರು ಎಣಿಸಿದ್ದು ಯಂತ್ರ ನಿಂತ ಸಲಗಳನ್ನು, ಡೇಟಾ ಕಳೆದ ಸಲಗಳನ್ನಲ್ಲ, ನಿಜ. ಆದರೂ ಜೋಡಿ ಡಿಸ್ಕ್ ಮಾರುವ ಕಂಪನಿಯ ಒಳಗಿನಿಂದಲೇ ಈ ಮಾತು ಬಂತಲ್ಲ, ಅದಕ್ಕೇ ನನಗೆ ಈ ವರದಿ ಇಷ್ಟ. ಡಿಸ್ಕ್ ಸಾಯುವುದನ್ನು ಮಿರರ್ ತಡೆದುಕೊಳ್ಳುತ್ತೆ, ಸರಿ. ಉಳಿದ ಕಾರಣಗಳ ಮುಂದೆ ಎರಡು ಡಿಸ್ಕೂ ಒಂದೇ. ಊರಲ್ಲಿ ನೋಡಿದ್ದೇವಲ್ಲ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಹಳ್ಳಕ್ಕೆ ಬಿದ್ದರೆ ಒಟ್ಟಿಗೇ ಬೀಳೋದು.

ಮುಂದಿನ ತಿರುವು ಬರ್ಕ್‌ಲಿ ವಿಶ್ವವಿದ್ಯಾಲಯದ್ದು. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮೂವರು 1987ರ ಕೊನೆಗೆ ಬರೆದು 1988ರಲ್ಲಿ ಮಂಡಿಸಿದ ಪ್ರಬಂಧ. ದೊಡ್ಡ, ದುಬಾರಿ ಡಿಸ್ಕ್ ಒಂದರ ಬದಲು ಪಿಸಿಗೆ ಹಾಕುವ ಅಗ್ಗದ ಸಣ್ಣ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೆ ವೇಗವೂ ಸಿಗುತ್ತೆ, ದುಡ್ಡೂ ಉಳಿಯುತ್ತೆ ಅನ್ನುವುದು ವಾದ. ತೊಂದರೆ ಏನಪ್ಪಾ ಅಂದರೆ, ಒಂದು ಡಿಸ್ಕ್ 30,000 ಗಂಟೆ ಬಾಳಿದರೆ ಅಂಥ ನೂರು ಡಿಸ್ಕಿನ ಸಾಲಿನಲ್ಲಿ 300 ಗಂಟೆಗೊಂದು ಸಾಯುತ್ತೆ. ಎರಡು ವಾರ ಕೂಡ ಅಲ್ಲ. ಈ ಸಾವನ್ನು ತಾಳಿಕೊಳ್ಳಲು ಹೆಚ್ಚುವರಿ ಡಿಸ್ಕ್ ಸೇರಿಸುವ ಐದು ಬಗೆಗಳನ್ನು ಅವರು ಪಟ್ಟಿ ಮಾಡಿ ರೇಡ್ ಅಂತ ಹೆಸರಿಟ್ಟರು. ಅದರಲ್ಲಿ ಒಂದನೆಯದು, ಅವರೇ ಹೇಳುವಂತೆ ಅತಿ ದುಬಾರಿಯದು, ನಮ್ಮ ಹಳೇ ಮಿರರ್. ಗಮನಿಸಿ: ಇಡೀ ಪ್ರಬಂಧದ ಚಿಂತೆ ಸಾಯುವ ಡಿಸ್ಕಿನದು. ಅಳಿಸಿಹೋದ ಫೈಲಿನದಲ್ಲ.

ಆಮೇಲೆ ರೇಡ್ ಅಗ್ಗವಾಗುತ್ತಾ ಬಂತು. 2000ದ ದಶಕದಲ್ಲಿ ಮಾಮೂಲಿ ಪಿಸಿ ಮದರ್‌ಬೋರ್ಡಿನಲ್ಲೇ ಸಿಗತೊಡಗಿತು. ದೊಡ್ಡ ಕಂಪ್ಯೂಟರ್ ಕೇಂದ್ರಗಳಲ್ಲಿ ಟೇಪ್ ನೋಡಿಕೊಳ್ಳಲು ಬೇರೆ ಜನ ಇರುತ್ತಿದ್ದರು. ಮಿರರ್ ನಮ್ಮ ಮೇಜಿಗೆ ಬಂತು, ಆ ಜನ ಬರಲಿಲ್ಲ. ಗೊಂದಲ ಹುಟ್ಟಿದ್ದು ಅಲ್ಲಿಯೇ ಅಂತ ನನ್ನ ಅನಿಸಿಕೆ.

ಬೆಲೆ ತೆತ್ತವರಲ್ಲಿ ಜರ್ನಲ್‌ಸ್ಪೇಸ್ ಒಂದು. ಆರು ವರ್ಷದಿಂದ ಜನ ದಿನಚರಿ ಬರೆಯುತ್ತಿದ್ದ ಬ್ಲಾಗ್ ತಾಣ. ಅದರ ಸರ್ವರಿನಲ್ಲಿ ಎರಡು ಡಿಸ್ಕ್, ಒಂದಕ್ಕೊಂದು ಮಿರರ್. ಅದನ್ನೇ ಬ್ಯಾಕಪ್ ಅಂದುಕೊಂಡಿದ್ದರು. 2008ರ ಡಿಸೆಂಬರಿನಲ್ಲಿ ಡೇಟಾಬೇಸ್ ಇದ್ದ ಜಾಗದ ಮೇಲೆ ಬೇರೇನೋ ಬರೆದುಹೋಯಿತು. ಯಾರು ಮಾಡಿದ್ದು, ಹೇಗಾಯ್ತು ಅನ್ನೋದು ಬಿಡಿ. ಡಿಸ್ಕುಗಳು ಕೆಟ್ಟಿರಲಿಲ್ಲ, ಎರಡೂ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದವು. ಒಂದರಲ್ಲಿ ಆದ ನಾಶ ಇನ್ನೊಂದರಲ್ಲೂ ಆ ಕ್ಷಣವೇ ಆಯಿತು. ಡೇಟಾ ರಿಕವರಿ ಕಂಪನಿಗೆ ಕಳಿಸಿದರೂ ಏನೂ ಸಿಗಲಿಲ್ಲ. 2009ರ ಜನವರಿಯಲ್ಲಿ ತಾಣ ಮುಚ್ಚಿತು. ನಿಮ್ಮ ಬರಹಗಳು ಗೂಗಲ್ ಕ್ಯಾಶೆಯಲ್ಲಿ ಸಿಕ್ಕರೆ ತಗೊಳ್ಳಿ ಅಂತ ಸಲಹೆ ಕೊಟ್ಟರು. ಮಗು ಹುಟ್ಟಿದ ದಿನ, ಅಪ್ಪ ತೀರಿಕೊಂಡ ದಿನ ಬರೆದಿಟ್ಟವರೂ ಅಲ್ಲಿ ಇದ್ದಿರಬೇಕು.

ಡಿಸ್ಕ್ ಎರಡೇ ಇತ್ತು, ಹತ್ತಿದ್ದರೆ ಉಳೀತಿತ್ತು ಅನ್ನುವವರಿಗೆ ಜಿಮೇಲ್ ಕಥೆ ಹೇಳಬೇಕು. 2011ರ ಫೆಬ್ರವರಿ 27ರಂದು ಒಂದಷ್ಟು ಬಳಕೆದಾರರ ಇನ್‌ಬಾಕ್ಸ್ ಖಾಲಿಯಾಯಿತು. ಒಟ್ಟು ಬಳಕೆದಾರರಲ್ಲಿ ಶೇಕಡಾ 0.02ರಷ್ಟು. ಗೂಗಲ್ ಹತ್ತಿರ ಪ್ರತಿ ಮೇಲ್‌ಗೆ ಹಲವು ಪ್ರತಿಗಳು ಹಲವು ಡೇಟಾ ಸೆಂಟರುಗಳಲ್ಲಿದ್ದವು. ಸ್ಟೋರೇಜ್ ಸಾಫ್ಟ್‌ವೇರಿನ ಅಪ್‌ಡೇಟಿನಲ್ಲಿದ್ದ ಒಂದು ಬಗ್ ಅಷ್ಟನ್ನೂ ಮುಟ್ಟಿತು. ಕೊನೆಗೆ ಕಾಪಾಡಿದ್ದು ಟೇಪ್. ಹೌದು, ಸುರುಳಿ ಟೇಪ್, ಗೂಗಲ್‌ನಲ್ಲಿ! ಅದು ಆಫ್‌ಲೈನ್ ಇದ್ದದ್ದರಿಂದ ಬಗ್ ಅಲ್ಲಿಗೆ ತಲುಪಲಿಲ್ಲ. ಅದರಿಂದ ಮೇಲ್ ವಾಪಸ್ ತರಲು ಸಮಯ ಹಿಡಿಯಿತು, ಆದರೆ ಬಂತು. ಟೇಪಿನ ನಿಧಾನವನ್ನು ನಾವು ಅದರ ದೋಷ ಅಂತ ತಮಾಷೆ ಮಾಡ್ತೀವಿ. ಆದರೆ ಇವತ್ತು ಆದದ್ದು ಇವತ್ತೇ ಅದರ ಮೇಲೆ ಬೀಳದಿದ್ದದ್ದಕ್ಕೇ ಆ ಮೇಲ್‌ಗಳು ಉಳಿದದ್ದು.

ಹಾಗಂತ ಬ್ಯಾಕಪ್ ಇದೆ ಅಂದ ಮಾತ್ರಕ್ಕೆ ಇದೆ ಅಂತ ಅಲ್ಲ. 1998ರಲ್ಲಿ 'ಟಾಯ್ ಸ್ಟೋರಿ 2' ಸಿನಿಮಾದ ಫೈಲುಗಳನ್ನು ತಪ್ಪಿ ಅಳಿಸಿದ ಪಿಕ್ಸಾರ್ ಕಥೆ ನಿಮಗೆ ಗೊತ್ತೇ ಇರುತ್ತೆ. ಬ್ಯಾಕಪ್ ಸರಿಯಿರಲಿಲ್ಲ, ಬಾಣಂತನದಲ್ಲಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆ ಕಂಪ್ಯೂಟರಿನಲ್ಲಿದ್ದ ಹಳೇ ಪ್ರತಿ ಕೈ ಹಿಡಿಯಿತು. ಕಡಿಮೆ ಜನ ಪೂರ್ತಿ ಓದಿರೋದು 2017ರ ಜನವರಿ 31ರ ಗಿಟ್‌ಲ್ಯಾಬ್ ವರದಿ. ಎರಡು ಡೇಟಾಬೇಸ್ ಸರ್ವರ್, ಎರಡನೆಯದು ಮೊದಲನೆಯದರ ಪ್ರತಿ. ಪ್ರತಿ ಹಿಂದೆ ಬಿದ್ದಿತ್ತು. ಅದನ್ನು ಖಾಲಿ ಮಾಡಿ ಹೊಸದಾಗಿ ತುಂಬೋಣ ಅಂತ ರಾತ್ರಿ ಕೂತ ಇಂಜಿನಿಯರ್ ಅಳಿಸುವ ಕಮಾಂಡನ್ನು ಅಸಲಿ ಸರ್ವರಿನಲ್ಲಿ ಕೊಟ್ಟರು. ಒಂದೆರಡು ಸೆಕೆಂಡಿಗೆ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನವೂ ಆಗಬೇಕಿದ್ದ ಬ್ಯಾಕಪ್ ನೋಡಿದರೆ ಫೋಲ್ಡರ್ ಖಾಲಿ. ಪೋಸ್ಟ್‌ಗ್ರೆಸ್ ಆವೃತ್ತಿ ಹೊಂದದೆ ಅದು ಸದ್ದಿಲ್ಲದೆ ಫೇಲ್ ಆಗುತ್ತಿತ್ತು. ಫೇಲ್ ಆಯ್ತು ಅಂತ ಕಳಿಸಿದ ಇಮೇಲುಗಳೂ ತಿರಸ್ಕೃತವಾಗುತ್ತಿದ್ದವು. ಬೇರೆ ಟೆಸ್ಟಿಂಗಿಗೆ ಅಂತ ಆರು ಗಂಟೆ ಹಿಂದೆ ಅವರೇ ತೆಗೆದಿದ್ದ ಸ್ನ್ಯಾಪ್‌ಶಾಟ್ ಸಿಕ್ಕಿದ್ದು ಪುಣ್ಯ. ಬ್ಯಾಕಪ್ಪನ್ನು ಯಾರೂ ಪರೀಕ್ಷಿಸಿರಲಿಲ್ಲ ಯಾಕೆ ಅನ್ನೋದಕ್ಕೆ ಕಂಪನಿ ಮುಚ್ಚುಮರೆ ಇಲ್ಲದೆ ಬರೆದುಕೊಂಡ ಉತ್ತರ: ಅದು ಯಾರ ಜವಾಬ್ದಾರಿ ಅಂತ ಗೊತ್ತುಮಾಡಿರಲಿಲ್ಲ.

ನಮ್ಮ ನಿಮ್ಮ ಕೆಲಸದ ಕಂಪ್ಯೂಟರಿಗೆ ಬಂದರೆ, ಮಿರರ್ ಬೇಡ ಅಂತ ನಾನು ಹೇಳಲ್ಲ. ಬೆಳಗ್ಗೆ ಡೆಲಿವರಿ ಇಟ್ಟುಕೊಂಡು ರಾತ್ರಿ ಡಿಸ್ಕ್ ಸತ್ತರೆ ಅದು ದೇವರಂತೆ ಕಾಯುತ್ತೆ. ಆದರೆ ಎರಡನೇ ಡಿಸ್ಕ್ ಒಂದಕ್ಕೆ ಮಾತ್ರ ದುಡ್ಡಿದ್ದರೆ ಅದನ್ನು ಡಬ್ಬದ ಹೊರಗೇ ಇಡಿ. ವಾರಕ್ಕೆರಡು ಸಲ ಚುಚ್ಚಿ, ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಯಾವುದಾದರೂ ಬ್ಯಾಕಪ್ ಸಾಫ್ಟ್‌ವೇರ್ ಓಡಿಸಿ, ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಬಂದ ದಿನ ಅದಕ್ಕೂ ಬೀಗ ಬೀಳುತ್ತೆ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ, ಕಂಪನಿಯೇ ಕೊಟ್ಟ ಕ್ಲೌಡ್ ಜಾಗವಾದರೂ ಸರಿ. ಆಫೀಸಿನ ಕೋಡನ್ನು ಸ್ವಂತ ಡ್ರೈವಿಗೆ ಹಾಕಿ ಎಚ್ಆರ್ ಕೈಗೆ ಸಿಕ್ಕಿಬೀಳಬೇಡಿ ಮತ್ತೆ. ಐಟಿಯವರು "ನಿಮ್ಮ ಮಷೀನ್ ಬ್ಯಾಕಪ್ ಆಗ್ತಿದೆ" ಅಂದರೆ, ಹೋದ ಗುರುವಾರದ್ದೊಂದು ಫೈಲ್ ತೆಗೆದುಕೊಡಿ ಸಾರ್ ಅಂತ ಒಂದು ಟಿಕೆಟ್ ಹಾಕಿ ನೋಡಿ.