ಬೆನ್ನಿಗೆ ಕಟ್ಟಿದ ಉಸಿರು

ಕಳೆದ ಬೇಸಿಗೆಯಲ್ಲಿ ಕಡಲಲ್ಲಿ ಮುಳುಗಿ ಮೀನು ನೋಡಿ ಬಂದ ನನ್ನ ಮೊಮ್ಮಗಳು ಮೀನುಗಳಿಗಿಂತ ಬೆನ್ನಿನ ಸಿಲಿಂಡರಿನ ವಿಷಯವನ್ನೇ ಹೆಚ್ಚು ಹೇಳಿದಳು. “ಉಸಿರಾಡೋದೇನೂ ಕಷ್ಟವಾಗಲಿಲ್ಲ ತಾತ. ಆದರೆ ಅದು ಎಡಕ್ಕೂ ಬಲಕ್ಕೂ ವಾಲುತ್ತಿತ್ತು, ತಲೆ ಎತ್ತಿದರೆ ಹಿಂದಿನಿಂದ ಕುಟ್ಟುತ್ತಿತ್ತು. ಭಯವಾಗಿದ್ದು ಅದಕ್ಕೇ” ಎಂದಳು. ಸಮುದ್ರದಲ್ಲಿ ಮುಳುಗುವ ವಿದ್ಯೆಯ ಇತಿಹಾಸವನ್ನು ಉಸಿರಿನ ಇತಿಹಾಸವೆಂದೇ ಹೇಳುವುದು ವಾಡಿಕೆ. ಅವಳ ಮಾತು ಕೇಳಿದ ಮೇಲೆ, ಅದು ಉಸಿರನ್ನು ದೇಹಕ್ಕೆ ಕಟ್ಟುವ ಪಟ್ಟಿಯ ಇತಿಹಾಸವೂ ಹೌದೆಂದು ನನಗೆ ತೋರತೊಡಗಿತು.

ನಮ್ಮ ನೆರೆಯ ಮನ್ನಾರ್ ಕೊಲ್ಲಿಯಲ್ಲಿ ಮುತ್ತು ತೆಗೆಯುತ್ತಿದ್ದವರಿಗೆ ಪಟ್ಟಿಯೂ ಇರಲಿಲ್ಲ, ಸಿಲಿಂಡರೂ ಇರಲಿಲ್ಲ. ಹಗ್ಗಕ್ಕೆ ಕಟ್ಟಿದ ಭಾರದ ಕಲ್ಲೊಂದು, ಅದರ ಮೇಲೆ ಪಾದವಿಡಲು ಒಂದು ಕುಣಿಕೆ, ಚಿಪ್ಪು ತುಂಬಲು ಬಲೆಯ ಚೀಲ, ಇಷ್ಟೇ ಅವರ ಸಲಕರಣೆ. ಕಲ್ಲು ತಳ ಮುಟ್ಟಿದೊಡನೆ ಮುಳುಗುಗಾರನು ಪಾದವನ್ನು ಬಿಡಿಸಿಕೊಳ್ಳುವನು. ದೋಣಿಯಲ್ಲಿದ್ದವನು ಕಲ್ಲನ್ನು ಮೇಲಕ್ಕೆಳೆದುಕೊಳ್ಳುವನು. ಇಳಿಯಲು ಬೇಕಾದ ಭಾರವು ಏರುವಾಗ ಕ್ಷಣಮಾತ್ರದಲ್ಲಿ ಕಳಚಬೇಕು. ಈ ಸೂತ್ರವನ್ನು ಯಾವ ಪುಸ್ತಕವೂ ಅವರಿಗೆ ಕಲಿಸಲಿಲ್ಲ. ಇಂದಿಗೂ ಮುಳುಗುಗಾರರು ಸೀಸದ ಪಟ್ಟಿಯನ್ನು ಒಂದೇ ಕೈಯಿಂದ ಬಿಚ್ಚಲು ಬರುವಂತೆ ಉಳಿದ ಪಟ್ಟಿಗಳ ಮೇಲೆ ಕಟ್ಟಿಕೊಳ್ಳುವುದು ಇದೇ ಕಾರಣಕ್ಕಾಗಿ.

ಯೂರೋಪಿನಲ್ಲಿ 1830ರ ದಶಕದಲ್ಲಿ ಆಗಸ್ಟಸ್ ಸೀಬೆ ರೂಪಿಸಿದ ಉಡುಪು ಇದಕ್ಕೆ ತದ್ವಿರುದ್ಧವಾದುದು. ತಾಮ್ರದ ಶಿರಸ್ತ್ರಾಣ, ಎದೆಗೂ ಬೆನ್ನಿಗೂ ತಲಾ 18 ಕಿಲೋ ಸೀಸ, ಒಂದೊಂದು ಪಾದರಕ್ಷೆಯೂ ಸುಮಾರು 8 ಕಿಲೋ. ಗಾಳಿ ಮೇಲಿನ ಪಂಪಿನಿಂದ ಕೊಳವೆಯಲ್ಲಿ ಬರುತ್ತಿತ್ತು. ಭಾರವೆಲ್ಲ ಮುಳುಗುಗಾರನು ನೆಟ್ಟಗೆ ನಿಲ್ಲಲೆಂದು. ಉಡುಪು ಸಡಿಲವಾಗಿದ್ದು ಗಾಳಿ ಕಾಲುಗಳ ಕಡೆಗೆ ಸೇರಿತೋ, ಮನುಷ್ಯನು ತಲೆಕೆಳಗಾಗಿ ಮೇಲಕ್ಕೆ ಚಿಮ್ಮುತ್ತಿದ್ದನು. ಆದ್ದರಿಂದಲೇ ಕಾಲಿನ ಹಿಂಬದಿಯನ್ನು ದಾರದಿಂದ ಹೆಣೆದು ಬಿಗಿಯುವ ಪದ್ಧತಿ ಬಂದಿತು. ಸರಿಯಾಗಿ ಕಟ್ಟದ ಉಡುಪು ಅಂದೇ ಪ್ರಾಣಾಪಾಯವಾಗಿತ್ತು.

ಗಾಳಿಯನ್ನು ಬೆನ್ನಿಗೇರಿಸಿದವರು ಫ್ರಾನ್ಸಿನ ಗಣಿ ಎಂಜಿನಿಯರ್ ರೂಕೆರೋಲ್ ಮತ್ತು ನೌಕಾಧಿಕಾರಿ ದೆನೆರೂಸ್. 1860ರ ದಶಕದ ಅವರ ಲೋಹದ ಡಬ್ಬಿಗೆ ಗಾಳಿ ಮೇಲಿನಿಂದಲೇ ಬರುತ್ತಿದ್ದರೂ, ಕೊಳವೆ ಕಳಚಿ ಕೆಲವು ನಿಮಿಷ ಸ್ವತಂತ್ರವಾಗಿ ನಡೆಯಬಹುದಾಗಿತ್ತು. 1870ರಲ್ಲಿ ಪುಸ್ತಕವಾಗಿ ಬಂದ ಜೂಲ್ಸ್ ವರ್ನ್‌ನ ಸಮುದ್ರ ಕಾದಂಬರಿಯಲ್ಲಿ ಕ್ಯಾಪ್ಟನ್ ನೆಮೋ ಬಳಸುವುದು ಇದರದೇ ಸುಧಾರಿತ ರೂಪವನ್ನು. ಸಿಪಾಯಿಯ ಚೀಲದಂತೆ ಅದನ್ನು ಬೆನ್ನಿಗೆ ಬಿಗಿಯಲಾಗಿದೆ. ಅದೇ ನೆಮೋ ಸಿಂಹಳದ ಮುತ್ತಿನ ನೆಲೆಯಲ್ಲಿ ಬಡ ಭಾರತೀಯ ಮುಳುಗುಗಾರನೊಬ್ಬನನ್ನು ಶಾರ್ಕಿನ ಬಾಯಿಂದ ಬಿಡಿಸುತ್ತಾನೆ. ಕಲ್ಲು ಹಿಡಿದು ಇಳಿದವನೂ ಗಾಳಿ ಹೊತ್ತು ಇಳಿದವನೂ ಸಂಧಿಸುವ ಆ ಪ್ರಸಂಗವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನೆಮೋ ಬುಂದೇಲಖಂಡದ ರಾಜಕುಮಾರನೆಂಬ ಸಂಗತಿಯು ಮುಂದಿನ ಕಾದಂಬರಿಯಲ್ಲಿ ತಿಳಿಯುವಾಗ ಮಕ್ಕಳ ಮುಖ ಅರಳುತ್ತಿತ್ತು.

ನಿಜವಾದ ತಿರುವು 1943ರ ಜನವರಿಯದು. ಯುದ್ಧಕಾಲದ ಪೆಟ್ರೋಲ್ ಅಭಾವದಿಂದ ಅನಿಲದಲ್ಲಿ ಓಡುತ್ತಿದ್ದ ಕಾರುಗಳಿಗಾಗಿ ಎಮಿಲ್ ಗಾನ್ಯಾನ್ ಮಾಡಿದ್ದ ಕವಾಟವನ್ನು ಉಸಿರಾಟಕ್ಕೆ ಹೊಂದಿಸಿಕೊಂಡು ಝಾಕ್ ಕೂಸ್ಟೋ ಪ್ಯಾರಿಸ್ಸಿನ ಬಳಿ ಮಾರ್ನ್ ನದಿಗೆ ಇಳಿದನು. ಅಡ್ಡಲಾಗಿ ಈಜುವಾಗ ಉಪಕರಣ ಸೊಗಸಾಗಿ ನಡೆಯಿತು. ನೆಟ್ಟಗೆ ನಿಂತೊಡನೆ ಗಾಳಿ ಬುಸುಗುಟ್ಟಿ ವ್ಯರ್ಥವಾಗಿ ಹರಿಯಿತು; ತಲೆ ಕೆಳಗಾದರೆ ಎಳೆದುಕೊಳ್ಳುವುದೇ ಕಷ್ಟ. ಮರಳುವ ದಾರಿಯಲ್ಲಿ ಕಾರಣ ಹೊಳೆಯಿತು. ನಿಂತಾಗ ಉಸಿರು ಹೊರಹೋಗುವ ದ್ವಾರವು ಗಾಳಿ ಬರುವ ಕವಾಟಕ್ಕಿಂತ 6 ಅಂಗುಲ ಮೇಲಿತ್ತು. ನೀರಿನಲ್ಲಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆಂದು ನಾವೆಲ್ಲ ಓದಿದ್ದೇವೆ. ಆದರೆ 6 ಅಂಗುಲವನ್ನೂ ಎದೆಯ ಸ್ನಾಯುಗಳು ಗುರುತಿಸುತ್ತವೆ. ಎರಡನ್ನೂ ಒಂದೇ ಕಡೆ ಇರಿಸಿದಾಗ ದೋಷ ನೀಗಿತು. ಆ ಬೇಸಿಗೆಯಲ್ಲಿ ಕೂಸ್ಟೋ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದನು.

ಕವಾಟವು ಬೆನ್ನಿನ ಮೇಲೆಯೇ ಇದ್ದ ಆ ಕಾಲದಲ್ಲಿ ಪಟ್ಟಿಯನ್ನು ಹೊಂದಿಸುವುದು ಬರಿಯ ಸೌಕರ್ಯದ ವಿಷಯವಾಗಿರಲಿಲ್ಲ. ಪಟ್ಟಿ ಸಡಿಲವಾಗಿ ಸಿಲಿಂಡರ್ ಬೆನ್ನು ಬಿಟ್ಟೆದ್ದರೆ ಕವಾಟವು ಶ್ವಾಸಕೋಶಕ್ಕಿಂತ ಮೇಲಾಗಿ ಉಸಿರು ಭಾರವಾಗುತ್ತಿತ್ತು. ಅದು ಭುಜದ ಮೂಳೆಗಳ ನಡುವೆ, ಮೈಗಂಟಿ ಕೂರಬೇಕಾಗಿತ್ತು. 1950ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಟೆಡ್ ಎಲ್ಡ್ರೆಡ್ ತನ್ನ ಒಂಟಿ ಕೊಳವೆಯ ಉಪಕರಣದಲ್ಲಿ ಕವಾಟವನ್ನು ಬಾಯಿಯ ಬಳಿಗೆ ತಂದ ಮೇಲೆ ಈ ಬಂಧನ ಸಡಿಲವಾಯಿತು. ಸಿಲಿಂಡರ್ ತುಸು ಜಾರಿದರೂ ಉಸಿರು ನಡೆಯುತ್ತದೆ. ಪಟ್ಟಿಯ ವಿಷಯದಲ್ಲಿ ಅಲಕ್ಷ್ಯ ಮೂಡಿದ್ದೂ ಅಂದಿನಿಂದಲೇ ಇರಬಹುದೆಂದು ನನ್ನ ಗುಮಾನಿ.

ಇನ್ನು ಪಟ್ಟಿಯ ನೇಯ್ಗೆ. ಕೊಯಮತ್ತೂರಿನಲ್ಲಿ, ಅದರಲ್ಲೂ ಮಗ್ಗದ ಸದ್ದಿನ ನಡುವೆ ಬೆಳೆದ ನಮ್ಮ ದೇವಾಂಗ ಬಂಧುಗಳಿಗೆ, ಇದನ್ನು ವಿವರಿಸಬೇಕಾಗಿಲ್ಲ. ಮೊದಲಿನವು ಹತ್ತಿಯ ನವಾರು ಪಟ್ಟಿಗಳು. ಹತ್ತಿ ನೆನೆದರೆ ನೂಲು ಉಬ್ಬಿ ಪಟ್ಟಿ ಗಿಡ್ಡವಾಗುತ್ತದೆ. ಮಳೆಯಲ್ಲಿ ನೆನೆದ ನವಾರು ಮಂಚ ಬಿಗಿಯುವುದನ್ನು ಕಂಡವರಿಗೆ ಇದು ಗೊತ್ತು. ಆದರೆ ಹತ್ತಿ ಉಪ್ಪುನೀರಿನಲ್ಲಿ ಬೇಗ ಶಿಥಿಲವಾಗುತ್ತದೆ. ಆ ಜಾಗಕ್ಕೆ ಬಂದ ನೈಲಾನ್ ಕೊಳೆಯುವುದಿಲ್ಲ, ಆದರೆ ಅದರ ಗುಣ ತಿರುಗುಮುರುಗು: ನೀರು ಹೀರಿ ತುಸು ಉದ್ದವಾಗುತ್ತದೆ. ದಡದಲ್ಲಿ ಒಣಗಿದ್ದಾಗ ಬಿಗಿದ ಪಟ್ಟಿ ನೀರಿನಲ್ಲಿ ಸಡಿಲವಾಗಿ ಸಿಲಿಂಡರ್ ಜಾರುವುದು ಇದರಿಂದ. ಮೊದಲು ಪಟ್ಟಿಯನ್ನು ನೆನೆಸಿ ಆಮೇಲೆ ಬಿಗಿಯಬೇಕೆಂಬುದು ಬಲ್ಲವರ ನಿಯಮ.

1970ರ ದಶಕದಲ್ಲಿ ಗಾಳಿ ತುಂಬುವ ಜಾಕೆಟ್ಟು ಬಂದು ಪಟ್ಟಿಗಳೆಲ್ಲ ಅದರಲ್ಲಿ ಸೇರಿಕೊಂಡವು. ಜಾಕೆಟ್ಟಿನ ಕೊರಳಪಟ್ಟಿಯೂ ಸಿಲಿಂಡರಿನ ಕವಾಟವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಮೇಲಾದರೆ ತಲೆಗೆ ಕುಟ್ಟುತ್ತದೆ, ತೀರ ಕೆಳಗಾದರೆ ಸಮತೋಲ ತಪ್ಪುತ್ತದೆ. ಬಿಗಿದ ಮೇಲೆ ಜಾಕೆಟ್ಟನ್ನು ಹಿಡಿದೆತ್ತಿ ಅಲುಗಿಸಿ ನೋಡಬೇಕು. ನೆಲದ ಮೇಲೆ ಭಾರವನ್ನು ಸೊಂಟ ಹೊರಬೇಕೇ ಹೊರತು ಭುಜವಲ್ಲ. ಜಾಕೆಟ್ಟಿಗೆ ಪೂರ್ತಿ ಗಾಳಿ ತುಂಬಿಯೂ ಎದೆ ತುಂಬ ಉಸಿರೆಳೆಯಲು ಬರಬೇಕು. ಕೆಲವರು ಜಾಕೆಟ್ ಮೇಲಕ್ಕೇರದಂತೆ ತೊಡೆಗಳ ನಡುವೆಯೂ ಒಂದು ಪಟ್ಟಿ ಹಾಕುತ್ತಾರೆ; ನಮ್ಮ ಪೈಲ್ವಾನರ ಕಚ್ಚೆಯನ್ನು ಕಂಡವರಿಗೆ ಇದು ಹೊಸದೆನಿಸದು. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರು ತುಂಬಿದಾಗ ನೀರಿನಲ್ಲಿ ಮುಳುಗುತ್ತದೆ. ಒಳಗಿನ ಎರಡೂವರೆ ಕಿಲೋಗೂ ಮಿಕ್ಕಿದ ಗಾಳಿ ತೀರುತ್ತ ಬಂದಂತೆ ಅದು ತೇಲಲೆಳಸಿ, ಸಡಿಲ ಪಟ್ಟಿಯಲ್ಲಿ ಹಿಂಬದಿ ಮೇಲೆದ್ದು ಕಾಡುತ್ತದೆ.

ಕೈಗೆ ಕೆಲಸವಿರುವವನಿಗೆ ಇವೆಲ್ಲ ಇನ್ನೂ ಮುಖ್ಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಲೋಥಲ್ ಉತ್ಖನನದಿಂದ ಹೆಸರಾದ ಶಿಕಾರಿಪುರ ರಂಗನಾಥ ರಾವ್ ಅವರು ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ಶೋಧಕ್ಕೆ ಅಡಿಪಾಯ ಹಾಕಿದರು. 1980ರ ದಶಕದಲ್ಲಿ ಅವರ ನೇತೃತ್ವದಲ್ಲಿ ದ್ವಾರಕೆಯ ಕಡಲಡಿಯಲ್ಲಿ ಕಲ್ಲಿನ ಕಟ್ಟಡದ ಅವಶೇಷಗಳನ್ನೂ ತೂತುಗಳಿರುವ ಕಲ್ಲಿನ ಲಂಗರುಗಳನ್ನೂ ಗುರುತಿಸಲಾಯಿತು. ಅಲೆ ತೂಗುವ ನೀರಿನಲ್ಲಿ ಟೇಪು ಹಿಡಿದು ಅಳೆಯುವವನಿಗೆ, ಫಲಕದ ಮೇಲೆ ನಕ್ಷೆ ಬರೆಯುವವನಿಗೆ, ಸಿಲಿಂಡರನ್ನು ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಆ ಲಂಗರುಗಳ ಅಳತೆಗಳನ್ನು ಓದುವಾಗ ಅಳೆದವನ ಬೆನ್ನು ನನಗೆ ನೆನಪಾಗುತ್ತದೆ.

ಮೊಮ್ಮಗಳು ಈ ಸಲ ನೇತ್ರಾಣಿಗೆ ಹೊರಟಿದ್ದಾಳೆ. ಪಟ್ಟಿಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಬಿಗಿದು, ತಾನೇ ಎತ್ತಿ ನೋಡಿದ ಮೇಲೆಯೇ ದೋಣಿಯಿಂದ ಇಳಿಯುವುದೆಂದು ಮಾತು ಕೊಟ್ಟಿದ್ದಾಳೆ.