ಅಮೃತಾಪುರದ ಅಲಂಕಾರಾಕ್ಷರ

ಶೀರ್ಷಿಕೆ, ಅಂಗಡಿಯ ಫಲಕ, ಲಗ್ನಪತ್ರಿಕೆಗಳಿಗಾಗಿ ಹಳೆಯ ಕಾಲದ ಬೆಡಗನ್ನು ತಂದುಕೊಂಡು ರೂಪಿಸುವ, ಓದುವ ಮೊದಲೇ ಕಣ್ಣನ್ನು ಹಿಡಿದು ನಿಲ್ಲಿಸುವ ಅಕ್ಷರಗಳನ್ನು ಅಲಂಕಾರಿಕ ಲಿಪಿ ಎನ್ನಬಹುದು. ಕನ್ನಡದಲ್ಲಿ ಅಂಥ ಲಿಪಿಯ ಮೂಲವನ್ನು ಅರಸುವವರು ಅಚ್ಚುಕೂಟಕ್ಕಿಂತ ಮೊದಲು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಲ್ಲುಗಳ ಬಳಿಗೆ ಹೋಗಬೇಕು.

ಗಂಗ ಅರಸ ಬೂತುಗನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸು ಮಾಡಿ ದೇಹ ತ್ಯಜಿಸಿದುದನ್ನು ಹೇಳುವ ಕಡೂರಿನ ಕಂಬದ ಶಾಸನ 971ರದು. ಆ ಕಾಲದ ಲಿಪಿ ಸಾಮಾನ್ಯವಾಗಿ ದಪ್ಪವಾದದ್ದು, ಆಭರಣವಿಲ್ಲದ್ದು. ಸುಮಾರು ಇನ್ನೂರಿಪ್ಪತ್ತೈದು ವರ್ಷಗಳ ಅನಂತರ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿಸಿದ ದೇವಾಲಯದ ಶಾಸನಕ್ಕೆ ಬರುವ ಹೊತ್ತಿಗೆ ಅಕ್ಷರವೇ ಶಿಲ್ಪವಾಗಿತ್ತು. ಈ ಶಾಸನದ ಪದ್ಯಗಳನ್ನು ರಚಿಸಿದವನು, ಮುಂದೆ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ ಕವಿ ಜನ್ನ. ಹೊಯ್ಸಳ ಲಿಪಿಯಲ್ಲಿ ಅಕ್ಷರದ ಒಡಲು ದುಂಡಗಾಗುತ್ತದೆ. ನೆತ್ತಿಯ ಮೇಲಿನ ಗೆರೆಯಾದ ತಲೆಕಟ್ಟು ಬಾಗುತ್ತದೆ. ಕೆಳಗೆ ಸೇರುವ ಒತ್ತಕ್ಷರ ಮುಂದಿನ ಅಕ್ಷರದ ಅಡಿಗೆ ಸುರುಳಿಯಾಗಿ ಸರಿದು, ಸಾಲುಗಳ ನಡುವೆ ಬರಿದಾದ ಜಾಗವನ್ನೇ ಉಳಿಸುವುದಿಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಇಂಥ ಕುಸುರಿಗೆ ಒದಗಿಬಂದಿತು. ಶಾಸನ ಕೊರೆದವರೂ ತಮ್ಮ ಕೆಲಸದ ಬಗ್ಗೆ ಅಭಿಮಾನಿಗಳಾಗಿದ್ದರು. ಶ್ರವಣಬೆಳಗೊಳದ ಗಂಗಾಚಾರಿ ‘ಬಿರುದ ರೂವಾರಿ ಮುಖತಿಲಕ’, ಅಂದರೆ ಬಿರುದಾಂಕಿತ ಶಿಲ್ಪಿಗಳ ಮುಖಕ್ಕೆ ತಿಲಕಪ್ರಾಯನಾದವನು, ಎಂದು ಕರೆಸಿಕೊಂಡಿದ್ದಾನೆ.

ಈ ಸೊಬಗು ಅಚ್ಚಿಗೆ ಇಳಿಯಲಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಮಾಲೆಯ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದಾಗ, ಅಮೃತಾಪುರದ ಶಾಸನ ತರೀಕೆರೆ ತಾಲ್ಲೂಕಿನ 45ನೆಯದಾಗಿ ಸೇರಿತು. ವಿದ್ವತ್ತಿಗೆ ಇದು ಮಹೋಪಕಾರವಾದರೂ, ಒಂದೇ ಬಗೆಯ ಮೊಳೆಗಳಲ್ಲಿ ಜೋಡಿಸಿದ ಆ ಪಾಠದಲ್ಲಿ ಗಂಗರ ಕಂಬಕ್ಕೂ ಹೊಯ್ಸಳರ ಕಲ್ಲಿಗೂ ರೂಪದ ಭೇದವೇ ಉಳಿಯಲಿಲ್ಲ. ಮೊಳೆಯೆಂದರೆ ಸೀಸದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ; ಪ್ರತಿಯೊಂದಕ್ಕೂ ತನ್ನದೇ ಚೌಕಟ್ಟು ಇರುವುದರಿಂದ ಒಂದರ ಸುರುಳಿ ಇನ್ನೊಂದರ ಅಡಿಗೆ ಸುಲಭವಾಗಿ ಸರಿಯಲಾರದು. ಆದ್ದರಿಂದಲೇ ಕನ್ನಡದ ಮುಖಪುಟ, ನಾಟಕದ ಭಿತ್ತಿಪತ್ರ, ಸಿನಿಮಾ ಶೀರ್ಷಿಕೆಗಳಿಗೆ ಕಲಾವಿದರು ಕೈಯಿಂದಲೇ ಅಕ್ಷರ ಬರೆದು, ಅದನ್ನು ಅಚ್ಚಿನ ಬ್ಲಾಕು ಮಾಡಿಸುವ ರೂಢಿ ಬಹುಕಾಲ ನಡೆಯಿತು.

ಅಕ್ಷರದ ನೆರೆಹೊರೆಯನ್ನು ನೋಡಿ ರೂಪ ಬದಲಿಸಬಲ್ಲ ಇಂದಿನ ಗಣಕ ಫಾಂಟುಗಳಿಗೆ ಈ ತೊಡಕಿಲ್ಲ; ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನ್ನಡಕ’ದಂಥ ಶೀರ್ಷಿಕೆ ಫಾಂಟುಗಳು ಬಂದಿವೆ. ಅಮೃತಾಪುರದ ಲಿಪಿಯನ್ನು ಫಾಂಟಾಗಿ ತರಲು ಹೊರಡುವವರು ಮಾತ್ರ ಅಚ್ಚಾದ ಪಾಠವನ್ನು ನಂಬದೆ ಪಡಿಯಚ್ಚಿನಿಂದಲೇ ತೊಡಗಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದಾಗ ಕೊರೆದ ಗೆರೆಗಳಷ್ಟೇ ಬೆಳ್ಳಗೆ ಉಳಿದು, ಉಳಿಯ ತಿರುವು ಎಲ್ಲಿ ಆರಂಭವಾಗಿ ಎಲ್ಲಿ ತೆಳುವಾಯಿತೆಂಬುದು ಅದರಲ್ಲಿ ಮಾತ್ರ ಕಾಣುತ್ತದೆ.