ದಿ ಕುಕೂಸ್ ಕಾಲಿಂಗ್

ಹ್ಯಾರಿ ಪಾಟರ್ ಕಾದಂಬರಿಗಳ ಲೇಖಕಿ ಜೆ. ಕೆ. ರೌಲಿಂಗ್ ‘ರಾಬರ್ಟ್ ಗಾಲ್‌ಬ್ರೆತ್’ ಎಂಬ ಹೆಸರಿನಲ್ಲಿ ಬರೆದ ಮೊದಲ ಪತ್ತೇದಾರಿ ಕಾದಂಬರಿ. 2013ರ ಏಪ್ರಿಲ್‌ನಲ್ಲಿ ಲಿಟಲ್, ಬ್ರೌನ್ ಸಂಸ್ಥೆಯ ಅಂಗವಾದ ಸ್ಫಿಯರ್ ಇದನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿತು. ಖಾಸಗಿ ಪತ್ತೇದಾರ ಕಾರ್ಮೊರನ್ ಸ್ಟ್ರೈಕ್‌ನ ಸರಣಿ ಇಲ್ಲಿಂದ ಶುರುವಾಗುತ್ತದೆ.

ಲಂಡನ್ನಿನ ಸಿರಿವಂತರ ಬಡಾವಣೆ ಮೇಫೇರ್‌ನಲ್ಲಿ, ಹಿಮ ಬಿದ್ದ ರಾತ್ರಿಯೊಂದರಲ್ಲಿ, ಹೆಸರಾಂತ ರೂಪದರ್ಶಿ ಲೂಲಾ ಲ್ಯಾಂಡ್ರಿ ತನ್ನ ಮನೆಯ ಬಾಲ್ಕನಿಯಿಂದ ಬಿದ್ದು ಸಾಯುತ್ತಾಳೆ. ಪೊಲೀಸರು ಆತ್ಮಹತ್ಯೆಯೆಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಅದನ್ನೊಪ್ಪದ ಅವಳ ಅಣ್ಣ ಮೂರು ತಿಂಗಳ ಮೇಲೆ ಸ್ಟ್ರೈಕ್‌ನನ್ನು ಹುಡುಕಿಕೊಂಡು ಬರುತ್ತಾನೆ. ಅಫ್ಘಾನಿಸ್ತಾನದಲ್ಲಿ ಒಂದು ಕಾಲು ಕಳೆದುಕೊಂಡ ಈ ಮಾಜಿ ಸೇನಾ ಪೊಲೀಸನಿಗೆ ಕುತ್ತಿಗೆಮಟ್ಟ ಸಾಲ. ಪ್ರೇಯಸಿಯ ಮನೆ ಬಿಟ್ಟು ಕಚೇರಿಯಲ್ಲೇ ಮಡಿಸುವ ಮಂಚ ಹಾಕಿ ಮಲಗುತ್ತಾನೆ. ಹಂಗಾಮಿ ಕಾರ್ಯದರ್ಶಿಯಾಗಿ ಬಂದ ರಾಬಿನ್ ಎಲಕಾಟ್‌ಗೆ ಅವನು ಬಾಗಿಲಲ್ಲೇ ಡಿಕ್ಕಿ ಹೊಡೆದು, ಮೆಟ್ಟಿಲಿನಿಂದ ಉರುಳಲಿದ್ದವಳನ್ನು ಹಿಡಿದೆಳೆದುಕೊಳ್ಳುತ್ತಾನೆ. ಅವರ ಪರಿಚಯ ಆಗುವುದೇ ಹೀಗೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ಸುಗಳಲ್ಲಿ ಓದಿ ಬೆಳೆದವರಿಗೆ ಸ್ಟ್ರೈಕ್ ತುಂಬಾ ನಿಧಾನಿ ಅನ್ನಿಸಬಹುದು. ಇವನ ಆಯುಧ ಮಾತುಕತೆ. ಕಾವಲುಗಾರ, ಕಾರು ಚಾಲಕ, ಗೆಳತಿ, ನೆರೆಯವರು, ಹೀಗೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತಾನೆ, ಟಿಪ್ಪಣಿ ಬರೆದುಕೊಳ್ಳುತ್ತಾನೆ. ಕಾದಂಬರಿಯ ಸೊಗಸಿರುವುದು ಈ ಸಂಭಾಷಣೆಗಳಲ್ಲೇ.

ಗಾಲ್‌ಬ್ರೆತ್ ಸೇನಾ ಪೊಲೀಸ್ ಇಲಾಖೆಯ ಮಾಜಿ ತನಿಖಾಧಿಕಾರಿ ಎಂದು ಪುಸ್ತಕದಲ್ಲಿ ಪರಿಚಯ ಅಚ್ಚಾಗಿತ್ತು. ಹಸ್ತಪ್ರತಿಯನ್ನು ಓರಿಯನ್ ಪ್ರಕಾಶನದ ಸಂಪಾದಕಿಯೊಬ್ಬರು ಲೇಖಕರು ಯಾರೆಂದು ತಿಳಿಯದೆ ಒಲ್ಲೆನೆಂದಿದ್ದರು. ವಿಮರ್ಶಕರು ಮೆಚ್ಚಿದರೂ ಗುಟ್ಟು ಒಡೆಯುವವರೆಗೆ ಬ್ರಿಟನ್ನಿನಲ್ಲಿ ಖರ್ಚಾದ ಗಟ್ಟಿರಟ್ಟಿನ ಪ್ರತಿಗಳು ಸುಮಾರು 1,500. ಹೊಸ ಲೇಖಕನ ಮೊದಲ ಪುಸ್ತಕಕ್ಕೆ ಅದೇನೂ ಸೋಲಲ್ಲ.

2013ರ ಜುಲೈ 14ರಂದು ‘ಸಂಡೇ ಟೈಮ್ಸ್’ ಪತ್ರಿಕೆ ನಿಜವನ್ನು ಬಯಲು ಮಾಡಿತು. ಸುಳಿವು ಬಂದದ್ದು ಒಂದು ಟ್ವೀಟ್‌ನಿಂದ. ರೌಲಿಂಗ್ ಮತ್ತು ಗಾಲ್‌ಬ್ರೆತ್ ಇಬ್ಬರಿಗೂ ಒಬ್ಬರೇ ಏಜೆಂಟ್, ಒಂದೇ ಪ್ರಕಾಶನ ಎಂಬುದೂ ಸಂಶಯಕ್ಕೆ ಇಂಬು ಕೊಟ್ಟಿತು. ಪತ್ರಿಕೆ ಆಕ್ಸ್‌ಫರ್ಡಿನ ಪೀಟರ್ ಮಿಲಿಕನ್, ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಜುವೋಲ ಇವರ ನೆರವು ಕೋರಿತು. ಜುವೋಲ ಪದಗಳ ಉದ್ದ, ಅತಿ ಹೆಚ್ಚು ಬಳಕೆಯಾದ 100 ಪದಗಳು, ಜೋಡಿಪದಗಳು, ನಾಲ್ಕು ನಾಲ್ಕು ಅಕ್ಷರಗಳ ಗುಂಪು ಇವನ್ನು ಕಂಪ್ಯೂಟರಿನಲ್ಲಿ ಎಣಿಸಿ, ರೌಲಿಂಗರ ‘ದಿ ಕ್ಯಾಶುವಲ್ ವೇಕೆನ್ಸಿ’ ಹಾಗೂ ರುತ್ ರೆಂಡೆಲ್, ಪಿ. ಡಿ. ಜೇಮ್ಸ್, ವಾಲ್ ಮೆಕ್‌ಡರ್ಮಿಡ್ ಕೃತಿಗಳೊಡನೆ ಹೋಲಿಸಿದರು. ಒಟ್ಟಾರೆ ಒಲವು ರೌಲಿಂಗರತ್ತ ಇತ್ತು. ಅವರು ಒಪ್ಪಿಕೊಂಡೊಡನೆ ಪುಸ್ತಕ ಅಮೆಜಾನ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಆ ಟ್ವೀಟ್‌ಗೆ ಗುಟ್ಟು ಸೋರಿದ್ದು ಅವರದೇ ವಕೀಲರ ಕಡೆಯಿಂದ. ವಕೀಲರು ಇದಕ್ಕಾಗಿ ತೆತ್ತ ಪರಿಹಾರದ ಹಣವನ್ನು ರೌಲಿಂಗ್ ಸೈನಿಕರ ನೆರವಿನ ಸಂಸ್ಥೆಗೆ ಕೊಡಿಸಿದರು.

ಕನ್ನಡದಲ್ಲಿ ಕಾವ್ಯನಾಮ ಬಹುಮಟ್ಟಿಗೆ ಬಹಿರಂಗದ ಗುರುತು. ಮಾಸ್ತಿಯವರು ‘ಶ್ರೀನಿವಾಸ’ರೆಂದೂ ಅನಸೂಯಾ ಶಂಕರ್ ‘ತ್ರಿವೇಣಿ’ಯೆಂದೂ ಓದುಗರಿಗೆ ತಿಳಿದೇ ಇತ್ತು. ರೌಲಿಂಗರಿಗೆ ಬೇಕಾಗಿದ್ದುದು ಮರೆ: ಹೆಸರಿನ ಹಂಗಿಲ್ಲದ ಓದು, ಮುಲಾಜಿಲ್ಲದ ವಿಮರ್ಶೆ. ಮೂರು ತಿಂಗಳಾದರೂ ಅದು ದಕ್ಕಿತು, ಮತ್ತು ಆ ಮೂರು ತಿಂಗಳ ವಿಮರ್ಶೆಗಳೇ ಈ ಕೃತಿಯ ಯೋಗ್ಯತೆಗೆ ನಂಬಲರ್ಹ ಸಾಕ್ಷಿ.

ಬಿಬಿಸಿ 2017ರಲ್ಲಿ ಇದನ್ನು ಮೂರು ಕಂತುಗಳ ಧಾರಾವಾಹಿ ಮಾಡಿತು. ಟಾಮ್ ಬರ್ಕ್ ಸ್ಟ್ರೈಕ್ ಆಗಿ, ಹಾಲಿಡೇ ಗ್ರೇಂಜರ್ ರಾಬಿನ್ ಆಗಿ ನಟಿಸಿದರು. 2014ರ ‘ದಿ ಸಿಲ್ಕ್‌ವರ್ಮ್’ ಮೊದಲುಗೊಂಡು ಮುಂದಿನ ಸಂಪುಟಗಳೆಲ್ಲ ಗಾಲ್‌ಬ್ರೆತ್ ಹೆಸರಿನಲ್ಲೇ ಬಂದಿವೆ.